ಹದಕ್ಕೆ ಆಲೆಮನೆ, ಎಸರಿಗೆ ಅಡುಗೆಮನೆ: ಶ್ರೀರಂಗಪಟ್ಟಣದ ಸುತ್ತ ಒಂದು ದಿನದ ಸೈಕಲ್ ಪ್ರವಾಸ

ಡಿಸೆಂಬರ್‌ನಲ್ಲಿ ಶ್ರೀರಂಗಪಟ್ಟಣದಿಂದ ಸೈಕಲ್ ಪ್ರವಾಸ ಹೊರಡುವ ಹಿಂದಿನ ಸಂಜೆ ಎರಡು ಫೋನ್ ಮಾಡುತ್ತೇವೆ. ಒಂದು ಬೆಲ್ಲ ಕಾಯಿಸುವ ಆಲೆಮನೆಗೆ: ನಾಳೆ ಮೊದಲ ಕೊಪ್ಪರಿಗೆ ಎಷ್ಟೊತ್ತಿಗೆ ಹದಕ್ಕೆ ಬರುತ್ತದೆ? ಇನ್ನೊಂದು ಊಟದ ಮನೆಗೆ: ಯಾವ ಸೊಪ್ಪು ಸಿಕ್ಕಿದೆ, ಎಸರು ಎಷ್ಟೊತ್ತಿಗೆ ಇಡುತ್ತೀರಿ? ಈ ಎರಡು ಉತ್ತರ ಸಿಕ್ಕ ಮೇಲೆ ಹಿಂದಕ್ಕೆ ಲೆಕ್ಕ ಹಾಕಿ ಹೊರಡುವ ವೇಳೆ ಗೊತ್ತುಮಾಡುತ್ತೇವೆ. ಊರಿನವರ ಕೆಲಸದ ಹೊತ್ತಿಗೆ ಸೈಕಲ್ ಹೊಂದಿಕೊಳ್ಳಬೇಕು. ನಮ್ಮ ಅನುಕೂಲಕ್ಕೆ ಅವರ ಒಲೆ ಉರಿಯಬೇಕೆಂದು ಕೇಳಿದರೆ ಬಂದವರಿಗೆ ಸಿಗುವುದು ತೋರಿಕೆಯ ಅಡುಗೆ, ಆರಿದ ಕೊಪ್ಪರಿಗೆ.

ಆ ದಿನ ಆಲೆಮನೆಯವರು ಒಂಬತ್ತೂವರೆ ಅಂದರು, ಮನೆಯವರು ಹನ್ನೊಂದೂವರೆ ಅಂದರು. ಸುತ್ತು ಒಟ್ಟು 35 ಕಿ.ಮೀ. ಆಸುಪಾಸು. ಹೊಸಬರೂ ಇರುವ ಗುಂಪು ಹಳ್ಳಿ ರಸ್ತೆಯಲ್ಲಿ ಗಂಟೆಗೆ 12 ಕಿ.ಮೀ. ಹೋದರೆ ಹೆಚ್ಚು. ಫೋಟೊ, ನೀರು, ಪಂಕ್ಚರ್ ಎಲ್ಲ ಸೇರಿಸಿ ಆರೂಮುಕ್ಕಾಲಿಗೆ ಹೊರಡಬೇಕಿತ್ತು. ಅಂದರೆ ಎಲ್ಲರೂ ಆರಕ್ಕೆ ಸೇರಬೇಕು, ಏಕೆಂದರೆ ಸೈಕಲ್ ಹೊಂದಿಸುವುದಕ್ಕೇ ಮುಕ್ಕಾಲು ಗಂಟೆ ಬೇಕು.

ಗುಂಪಿನಲ್ಲಿ ಎಂಟು ಜನ, ಜೊತೆಗೆ ಪ್ರವಾಸ ನಡೆಸುವ ನಾವಿಬ್ಬರು. ಮೊದಲು ಸೀಟಿನ ಎತ್ತರ. ಸೀಟಿನ ಮೇಲೆ ಕೂತು ಪೆಡಲ್ ತೀರ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಬಾಗಿ ಸರಿಹೋಗುತ್ತದೆ. ಕಾಲು ನೆಲಕ್ಕೆ ಸಿಗಲಿ ಎಂದು ಬಹಳ ಜನ ಸೀಟು ಇಳಿಸಿಕೊಳ್ಳುತ್ತಾರೆ, ಇಪ್ಪತ್ತು ಕಿ.ಮೀ. ಆಗುವಷ್ಟರಲ್ಲಿ ಮಂಡಿಚಿಪ್ಪಿನ ಮುಂಭಾಗ ನೋಯತೊಡಗುತ್ತದೆ. 38 ಮಿ.ಮೀ. ಅಗಲದ ಟಯರಿಗೆ ಡಾಂಬರು ರಸ್ತೆಯಲ್ಲಿ 55 ಪಿಎಸ್‌ಐ ಗಾಳಿ ಸರಿ. ನಾಲೆ ಏರಿಯ ಮಣ್ಣುದಾರಿಗೆ 45ಕ್ಕೆ ಇಳಿಸುತ್ತೇವೆ. ವಾಲ್ವು ಮೋಟಾರ್‌ಬೈಕಿನದೇ ತರದ್ದಾಗಿರಲಿ. ಸಪೂರ ವಾಲ್ವಿನ ಟ್ಯೂಬಾದರೆ ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಕೂರುವುದೇ ಇಲ್ಲ.

ಡಿಸೆಂಬರಿನ ಬೆಳಗ್ಗೆ ಗದ್ದೆ ಬಯಲಿನಲ್ಲಿ ಮಂಜು ದಟ್ಟ. ಎಂಟರವರೆಗೂ ಹಿಂದಿನ ಕೆಂಪು ದೀಪ ಉರಿಯುತ್ತಿರಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಸೈಕಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಹಿಡಿದು ಅಂಡರ್‌ಪಾಸಿನಲ್ಲಿ ದಾಟಿ, ಕರಿಘಟ್ಟದ ಕಡೆಯ ರಸ್ತೆಗೆ ಬಿದ್ದರೆ ಲಾರಿಗಳ ಸದ್ದು ಹಿಂದೆ ಉಳಿಯುತ್ತದೆ. ಲೋಕಪಾವನಿ ಕಾವೇರಿಯನ್ನು ಸೇರುವುದು ಈ ಬೆಟ್ಟದ ಬುಡದಲ್ಲೇ. ಬೆಟ್ಟದ ಮೇಲೆ ಶ್ರೀನಿವಾಸನ ಗುಡಿ ಇದೆ. ಬೆಳಗ್ಗೆ ಹತ್ತಿಸುವುದಿಲ್ಲ; ಮೆಟ್ಟಿಲು ಹತ್ತಿಳಿದ ಕಾಲಿಗೆ ಪೆಡಲ್ ಭಾರವಾಗುತ್ತದೆ.

ಗುಂಪು ನಡೆಸುವುದಕ್ಕೆ ನಾವು ಪಾಲಿಸುವುದು ಒಂದೇ ಕ್ರಮ. ಒಬ್ಬರು ಮುಂದೆ, ಒಬ್ಬರು ಕೊನೆಗೆ. ತಿರುವು ಬಂದಾಗ ಮುಂದಿನವರ ಬೆನ್ನಿಗಿರುವ ಸವಾರ ಅಲ್ಲೇ ನಿಂತು ದಾರಿ ತೋರಿಸುತ್ತಾನೆ, ಕೊನೆಯವರು ಬಂದ ಮೇಲೆ ಅವರ ಜೊತೆ ಹೊರಡುತ್ತಾನೆ. ಮುಂದಿನ ತಿರುವಿಗೆ ಇನ್ನೊಬ್ಬರು. ಪಂಪು, ಟ್ಯೂಬು, ಚೈನ್ ಬಿಚ್ಚುವ ಸಾಧನ ಎಲ್ಲವೂ ಕೊನೆಯವರ ಚೀಲದಲ್ಲಿ. ಕೆಟ್ಟ ಸೈಕಲ್ ಯಾವಾಗಲೂ ಹಿಂದೆ ಉಳಿಯುತ್ತದೆ, ಮುಂದಿನವರ ಹತ್ತಿರ ಸಾಮಾನಿದ್ದು ಏನು ಪ್ರಯೋಜನ? ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಪೂರ್ತಿ ಇಳಿದು ಪಕ್ಕಕ್ಕೆ ನಿಲ್ಲಬೇಕು. ಟ್ರೇಲರಿನಿಂದ ಎರಡೂ ಕಡೆ ಚಾಚಿದ ಕಬ್ಬಿನ ಜಲ್ಲೆ ಹ್ಯಾಂಡಲಿಗೆ ತಗುಲಿದರೂ ಚಾಲಕನಿಗೆ ಕಾಣುವುದಿಲ್ಲ.

ನಾಲೆ ಏರಿಯ ಮೇಲೆ ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ನೀರಿನ ಕಡೆಯಿಂದ ದೂರ. ಮಾತಾಡಿಕೊಂಡು ಜೋಡಿಯಾಗಿ ಹೋಗುವುದಕ್ಕೆ ಇಲ್ಲಿ ಅವಕಾಶ ಕೊಡುವುದಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಜನ ತೀರಿಕೊಂಡರು. ನೀರು ಮೇಲೆ ಶಾಂತವಾಗಿ ಕಂಡರೂ ಸೆಳೆತ ಜೋರು, ಕಲ್ಲು ಕಟ್ಟಿದ ದಡ ಪಾಚಿಗಟ್ಟಿರುತ್ತದೆ, ಬಿದ್ದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಕೈಕಾಲು ತೊಳೆಯಲೂ ನಾಲೆಗೆ ಇಳಿಸುವುದಿಲ್ಲ. ಕೆಆರ್‌ಎಸ್‌ನಿಂದ ನದಿಗೆ ನೀರು ಬಿಟ್ಟಿದ್ದರೆ ಹೊಳೆ ದಂಡೆಯ ದಾರಿಯನ್ನೇ ಕೈಬಿಡುತ್ತೇವೆ.

ಏರಿ ಇಳಿದ ಮೇಲೆ ಜಾಲಿ ಮುಳ್ಳು. ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವುದು ಐದು ನಿಮಿಷದ ಕೆಲಸ, ಆದರೆ ಟಯರಿನಲ್ಲಿ ಮುರಿದು ಉಳಿದ ಮುಳ್ಳಿನ ತುದಿ ಹುಡುಕದಿದ್ದರೆ ಹೊಸ ಟ್ಯೂಬು ಎರಡು ಕಿ.ಮೀ. ದಾಟುವುದಿಲ್ಲ. ಟಯರಿನ ಒಳಗೆ ಹಳೆಯ ಹತ್ತಿ ಬಟ್ಟೆಯನ್ನು ಒಂದು ಸುತ್ತು ಎಳೆಯಿರಿ. ಮುಳ್ಳಿದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಬೆರಳೂ ಉಳಿಯುತ್ತದೆ. ಪ್ಯಾಚ್ ಹಾಕುವವರು ಸಲ್ಯೂಷನ್ ಸವರಿದ ಕೂಡಲೇ ಒತ್ತುತ್ತಾರೆ. ಅದು ಹೊಳಪು ಕಳೆದು ಒಣಗುವವರೆಗೆ, ಎರಡು ಮೂರು ನಿಮಿಷ ಕಾಯಲೇಬೇಕು.

ಈ ಕಾಲದ ದೊಡ್ಡ ತೊಡಕು ಮಾತ್ರ ಮುಳ್ಳಲ್ಲ, ರಸ್ತೆ ಮೇಲಿನ ಒಕ್ಕಣೆ. ಕಣ ಮಾಡುವವರು ಕಡಿಮೆಯಾಗಿದ್ದಾರೆ. ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡಿ ವಾಹನಗಳ ಚಕ್ರದಲ್ಲೇ ಒಕ್ಕುತ್ತಾರೆ. ಹುರುಳಿ ಬಳ್ಳಿ ಸಪೂರ, ಉದ್ದ, ನಾರಿನ ಹಾಗೆ ಗಟ್ಟಿ. ಸೈಕಲ್ ಅದರ ಮೇಲೆ ಹೋದರೆ ಬಳ್ಳಿ ಚೈನ್ ಜೊತೆ ಒಳನುಗ್ಗಿ, ಗೇರ್ ಬದಲಿಸುವ ಹಿಂದಿನ ಡಿರೈಲರ್‌ನ ಪುಟ್ಟ ಚಕ್ರಗಳಿಗೆ ಸುತ್ತಿಕೊಳ್ಳುತ್ತದೆ. ಇಳಿದು, ಹಿಂದಿನ ಚಕ್ರ ಎತ್ತಿಕೊಂಡು ಅಂಚಿನಲ್ಲಿ ನಡೆಯಿರಿ ಎಂದು ಹೇಳಿದ್ದೆವು. ಒಬ್ಬರು ತುಳಿದುಕೊಂಡೇ ಹೋದರು. ಚೈನು ಬಿಗಿಯಿತು, ಅವರು ಇನ್ನೂ ಜೋರಾಗಿ ತುಳಿದರು, ಡಿರೈಲರ್ ತೂಗುವ ಅಲ್ಯೂಮಿನಿಯಂ ಪಟ್ಟಿ ಒಳಕ್ಕೆ ಬಾಗಿತು. ಬಿಗಿತ ಕಂಡ ಕ್ಷಣ ಕಾಲು ನಿಲ್ಲಿಸಬೇಕು, ಹಿಂದಕ್ಕೂ ತುಳಿಯಬಾರದು. ಸೈಕಲ್ ಮಲಗಿಸಿ, ಬಳ್ಳಿಯನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದೆವು. ಹಿಂದಿನಿಂದ ಕೂತು ನೋಡಿದರೆ ಎರಡು ಪುಟ್ಟ ಚಕ್ರಗಳೂ ಗೇರಿನ ಹಲ್ಲಿನ ನೇರಕ್ಕೆ ಕಾಣಬೇಕು. ಕೆಳಗಿನದು ಕಡ್ಡಿಗಳ ಕಡೆ ವಾಲಿದ್ದರೆ ತೀರ ದೊಡ್ಡ ಹಲ್ಲಿಗೆ ಗೇರ್ ಹಾಕಲೇಬಾರದು. ಡಿರೈಲರ್ ಕಡ್ಡಿಯೊಳಗೆ ಸಿಕ್ಕಿ ಚಕ್ರವೇ ಹೋಗುತ್ತದೆ. ಆ ಸೈಕಲನ್ನು ನಡುವಿನ ಒಂದೇ ಗೇರಿನಲ್ಲಿ ಉಳಿದ ದಾರಿ ನಡೆಸಿದೆವು. ಪ್ರತಿ ಮಾದರಿಗೂ ಆ ಪಟ್ಟಿಯ ಆಕಾರ ಬೇರೆ, ಬದಲಿಯನ್ನು ಮೊದಲೇ ತಂದಿಟ್ಟುಕೊಳ್ಳಬೇಕು. ಮತ್ತೊಂದು ಮಾತು: ಒಕ್ಕುವ ರಾಗಿಯ ಮೇಲೆ ಚಪ್ಪಲಿ ಕಾಲಿನಲ್ಲಿ ನಡೆಯುವುದು ರೈತರಿಗೆ ಸರಿಬರುವುದಿಲ್ಲ. ಅನ್ನದ ಮೇಲೆ ನಡೆದಂತೆ. ಅಂಚು ಹಿಡಿಯುವುದಕ್ಕೆ ಡಿರೈಲರಿಗಿಂತ ದೊಡ್ಡ ಕಾರಣ ಅದು.

ಆಲೆಮನೆಗೆ ಒಂಬತ್ತೂಕಾಲಿಗೆ ತಲುಪಿದೆವು. ಒಂದು ಕೊಪ್ಪರಿಗೆ ಕಾಯಲು ಎರಡೂವರೆಯಿಂದ ಮೂರು ಗಂಟೆ ಬೇಕು, ನೋಡುವಂಥದ್ದು ಕೊನೆಯ ಅರ್ಧ ಗಂಟೆಯಲ್ಲಿದೆ. ಕಬ್ಬಿನ ಹಾಲು ಕಾದ ಆರಂಭದಲ್ಲಿ ಸುಣ್ಣದ ತಿಳಿ ಹಾಕಿ ಹುಳಿ ಮುರಿದಿರುತ್ತಾರೆ, ಮೇಲೆ ಬಂದ ಮಡ್ಡಿಯನ್ನು ತೆಗೆದಿರುತ್ತಾರೆ. ಹಿಂದೆ ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು, ಕೆಲವರು ಈಗಲೂ ಹಾಕುತ್ತಾರೆ. ಲೋಳೆ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ತರುತ್ತದೆ. ಪಾಕ 105 ಡಿಗ್ರಿ ದಾಟುವಾಗ ಜೋನಿ ಬೆಲ್ಲದ, ಅಂದರೆ ನೀರು ಬೆಲ್ಲದ ಹದ, 118ರ ಹತ್ತಿರ ಅಚ್ಚಿನ ಹದ. ಅಲ್ಲಿ ಯಾರೂ ಥರ್ಮಾಮೀಟರ್ ಇಡುವುದಿಲ್ಲ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉರುಟುತ್ತಾರೆ: ಉಂಡೆ ಗಟ್ಟಿ ನಿಂತು, ಎಸೆದರೆ ಟಕ್ಕೆಂದರೆ ಇಳಿಸುತ್ತಾರೆ. ಎರಡು ನಿಮಿಷ ತಡವಾದರೂ ಸೀದ ವಾಸನೆ, ಮೊದಲೇ ಇಳಿಸಿದರೆ ಅಚ್ಚಿನಲ್ಲಿ ನಿಲ್ಲದೆ ಜಿನುಗುತ್ತದೆ. ನೂರು ಕಿಲೊ ಕಬ್ಬಿಗೆ ಹತ್ತು ಕಿಲೊ ಬೆಲ್ಲ ಬಂದರೆ ಒಳ್ಳೆಯ ಇಳುವರಿ.

ಬಂದವರು ಕೈಯಿಡುವುದು ತಿಳಿ ಹಳದಿ ಬೆಲ್ಲಕ್ಕೆ. ಆ ಬಣ್ಣ ಬಹಳ ಸಲ ಹೈಡ್ರೋಸ್ ಎಂಬ ರಾಸಾಯನಿಕದ್ದು. ಕಂದು ಬಣ್ಣದ್ದನ್ನೇ ಕೊಳ್ಳಿ ಎಂದು ನಾವು ಒತ್ತಿ ಹೇಳುತ್ತೇವೆ, ಅದರ ಪರಿಮಳವೇ ಬೇರೆ. ಗಾಣದ ಹಾಲು ಅರ್ಧ ಲೋಟ ಸಾಕು. ಎರಡು ಲೋಟ ಕುಡಿದು ಸೈಕಲ್ ಹತ್ತಿದವರಿಗೆ ಹೊಟ್ಟೆ ತೊಳಸುತ್ತದೆ. ಪಾಕ ಸುರಿಯುವಾಗ ಕೊಪ್ಪರಿಗೆಯಿಂದ ಆರು ಅಡಿ ದೂರ. ಅಂಟುವ ಪಾಕದ ಸುಟ್ಟಗಾಯ ಕುದಿನೀರಿನ ಗಾಯಕ್ಕಿಂತ ಆಳಕ್ಕೆ ಇಳಿಯುತ್ತದೆ.

ಹನ್ನೊಂದೂಕಾಲಿಗೆ ಊಟದ ಮನೆ. ಅಡುಗೆ ಉಪ್ಪೆಸ್ರು (ಸೊಪ್ಪು, ಕಾಳು ಬೇಯಿಸಿ ಬಸಿದ ಉಪ್ಪುನೀರಿನ ಸಾರು), ಪಲ್ಯ, ಮುದ್ದೆ. ಬಸ್ಸಾರಿಗಿಂತ ಉಪ್ಪೆಸ್ರನ್ನು ಆರಿಸಲು ಕಾರಣವಿದೆ: ಇದರಲ್ಲಿ ಖಾರ ಸಾರಿನೊಳಗೆ ಇರುವುದಿಲ್ಲ, ಪಕ್ಕದಲ್ಲಿರುತ್ತದೆ. ಮಕ್ಕಳು, ಖಾರ ತಿನ್ನದವರು, ಮಂಡ್ಯದವರು ಒಂದೇ ಸಾಲಿನಲ್ಲಿ ಕೂತು ತಮಗೆ ಬೇಕಾದಷ್ಟು ಕಲಸಿಕೊಳ್ಳಬಹುದು. ಬೆವರಿ ಬಂದವರಿಗೆ ಬೇಕಾದ ಉಪ್ಪುನೀರೂ ಅದರಲ್ಲೇ ಇದೆ. ಹತ್ತು ಜನಕ್ಕೆ ಸುಲಿದ ಹಸಿ ಅವರೆಕಾಳು ಅರ್ಧ ಕಿಲೊ, ದಂಟು, ಕೀರೆ, ಅಣ್ಣೆ ಬೆರೆಸಿದ ಸೊಪ್ಪು ಒಂದೂವರೆ ಕಿಲೊ, ನೀರು ನಾಲ್ಕು ಲೀಟರ್, ಎರಡು ದೊಡ್ಡ ಚಮಚ ಉಪ್ಪು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಮುಚ್ಚದೆ ಏಳೆಂಟು ನಿಮಿಷ ಬೇಯಿಸಿ ಬಸಿಯಬೇಕು. ಮುಚ್ಚಿದರೆ ಸೊಪ್ಪಿನ ಹಸಿರು ಹೋಗುತ್ತದೆ. ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ, ಈರುಳ್ಳಿ, ತೆಂಗಿನತುರಿ ಬಿದ್ದರೆ ಪಲ್ಯ. ಖಾರಕ್ಕೆ ಹದಿನೈದು ಹಸಿಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ಒಂದು ಗಡ್ಡೆ ಬೆಳ್ಳುಳ್ಳಿ, ಜೀರಿಗೆ, ಮೆಣಸು, ನೆಲ್ಲಿಕಾಯಿ ಗಾತ್ರ ಹುಣಸೆಹಣ್ಣು, ಉಪ್ಪು ಸೇರಿಸಿ ಒರಳಿನಲ್ಲಿ ಅರೆದರು. ಅರೆದ ಕೈಯನ್ನು ಕಣ್ಣಿಗೆ ಒರೆಸಿಕೊಳ್ಳದಂತೆ ಹೊಸಬರಿಗೆ ಹೇಳುತ್ತಲೇ ಇರಬೇಕು.

ಮುದ್ದೆಯನ್ನು ಬಂದವರಿಂದಲೇ ಮಾಡಿಸುತ್ತೇವೆ. ಆರು ಲೋಟ ಹಿಟ್ಟಿಗೆ ಹನ್ನೆರಡು ಲೋಟ ನೀರು. ನೀರಿಗೆ ಎರಡು ಚಮಚ ಹಿಟ್ಟು ಕದಡಿಟ್ಟು ಎಸರು ಕಾಯಲು ಬಿಟ್ಟರು. ಹುಡುಗಿಯೊಬ್ಬರು ಬಿಸಿಯಾಗುತ್ತಿದ್ದಂತೆ ಹಿಟ್ಟು ಸುರಿಯಹೋದಾಗ ಮನೆಯೊಡತಿ ಕೈ ಹಿಡಿದರು: "ಎಸರು ಉಕ್ಕಿ ಬರೋಗಂಟ ಹಾಕ್ಬ್ಯಾಡ ಕಣವ್ವ, ಗಂಟಾಯ್ತದೆ." ಉಕ್ಕಿದ ಮೇಲೆ ಒಂದು ಲೋಟ ಎಸರು ತೆಗೆದಿಟ್ಟುಕೊಂಡು, ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ ಬಿಟ್ಟರು. ಉರಿ ತಗ್ಗಿಸಿ ಆರು ನಿಮಿಷ, ಯಾರೂ ಕೈ ಹಾಕುವಂತಿಲ್ಲ. ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿಹಿಡಿದು ತೊಳಸುವುದು: ಅಂಚಿನಿಂದ ಒಳಕ್ಕೆ, ಒತ್ತಿ, ಎಳೆದು. ಬಿಗಿಯಾದರೆ ತೆಗೆದಿಟ್ಟ ಎಸರು ಚಿಮುಕಿಸಬೇಕು. ನೀರಾಯಿತೆಂದು ಮೇಲಿಂದ ಹಸಿ ಹಿಟ್ಟು ಉದುರಿಸಿದರೆ ಅದು ಬೇಯುವುದಿಲ್ಲ, ಹಲ್ಲಿಗೆ ಅಂಟುತ್ತದೆ. ತೊಳಸಿದ ಮೇಲೆ ಮತ್ತೆರಡು ನಿಮಿಷ ಮುಚ್ಚಿ ಹಬೆಯಲ್ಲಿ ಬೇಯಿಸಿ, ನೀರು ಸವರಿದ ಮಣೆಗೆ ಹಾಕಿ, ಒದ್ದೆ ಕೈಯಲ್ಲಿ ಕಟ್ಟಬೇಕು. ನುಣುಪಾಗಿ ಹೊಳೆದು, ಬೆರಳಿಗೆ ಅಂಟದಿದ್ದರೆ ಬೆಂದಿದೆ.

ಊಟವಾದ ಮೇಲೆ ಒಂದು ಗಂಟೆ ಯಾರೂ ಸೈಕಲ್ ಮುಟ್ಟುವುದಿಲ್ಲ. ಮುದ್ದೆ ನಿಧಾನ ಜೀರ್ಣ. ವಾಪಸು ದಾರಿಯಲ್ಲಿ, ಉಳಿದ ಹೊತ್ತು ನೋಡಿ, 1784ರ ದರಿಯಾ ದೌಲತ್ ತೋರಿಸಬಹುದು.

ಮನೆಯವರಿಗೆ ಕೊಡುವ ಹಣವನ್ನು ಮೊದಲೇ ಮಾತಾಡಿ, ಅಡುಗೆ ಕಲಿಸಿದ ಹೆಂಗಸಿನ ಕೈಗೇ ಕೊಡುತ್ತೇವೆ. ಸಾಮಾನಿನ ಖರ್ಚು ಬೇರೆ, ಕಲಿಸಿದ್ದಕ್ಕೆ ಬೇರೆ. ಹೊರಡುವಾಗ ಬಂದವರು ತಟ್ಟೆಯಲ್ಲಿ ನೋಟಿಟ್ಟು ಹೋಗುವುದು ಅವರಿಗೆ ಮುಜುಗರ. ಅದೇ ಮನೆಯ ರಾಗಿ ಹಿಟ್ಟನ್ನೋ ಹುರುಳಿಯನ್ನೋ ಕೇಳಿದ ಬೆಲೆಗೆ ಕೊಳ್ಳಿ ಎಂದು ಹೇಳುತ್ತೇವೆ.

ಸಂಕ್ರಾಂತಿಯ ದಿನ ಪ್ರವಾಸ ಕೇಳುವವರು ಬಹಳ. ಅವತ್ತು ಅಡುಗೆ ಕಲಿಕೆ ಇಟ್ಟುಕೊಳ್ಳುವುದಿಲ್ಲ, ಮನೆ ತುಂಬ ನೆಂಟರಿರುತ್ತಾರೆ. ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಲು ಬರುವವರು ಸೈಕಲನ್ನು ಊರ ಹೊರಗೇ ನಿಲ್ಲಿಸಿ, ದೀಪ ಆರಿಸಿ ನಡೆದು ಬರಬೇಕು. ಬೆಂಕಿ ಹಾಯ್ದ ಎತ್ತುಗಳು ಬೆದರಿ ಓಡಿ ಬರುತ್ತವೆ, ಕಿರಿದಾದ ಬೀದಿಯಲ್ಲಿ ಅಡ್ಡ ಸಿಕ್ಕ ಸೈಕಲಿನಿಂದ ಅವುಗಳ ಕಾಲೇ ಮುರಿಯಬಹುದು.