ಗಡ್ಡೆಯ ಪಕ್ಕದ ಯಕೃತ್ತು ಹೇಳುವುದೇನು

ಯಕೃತ್ತಿನ ಕ್ಯಾನ್ಸರ್‌ನಲ್ಲಿ ಜೀನ್‌ಗಳ ಅಭಿವ್ಯಕ್ತಿಗೂ (ಯಾವ ಜೀನ್ ಎಷ್ಟು ಸಕ್ರಿಯವಾಗಿದೆ ಎಂಬುದಕ್ಕೂ) ರೋಗಿಯ ಬದುಕುಳಿಯುವಿಕೆಗೂ ಇರುವ ನಂಟನ್ನು ಕುರಿತ ಪ್ರಬಂಧಗಳ ಪೈಕಿ ನಾನು ಹಲವು ಸಲ ಓದಿರುವುದು 2008ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಯೂಜಿನ್ ಹೊಶಿಡಾ ಮತ್ತು ಸಂಗಡಿಗರ ಅಧ್ಯಯನವನ್ನು. ಅದರ ಮುಖ್ಯ ಫಲಿತಾಂಶ ಇಂದಿಗೂ ನನಗೆ ವಿಚಿತ್ರವೆನಿಸುತ್ತದೆ: ಕತ್ತರಿಸಿ ತೆಗೆದ ಗಡ್ಡೆಯ ಜೀನ್‌ಗಳು ರೋಗಿ ಎಷ್ಟು ಕಾಲ ಬದುಕಬಹುದೆಂಬ ಬಗ್ಗೆ ಸ್ಪಷ್ಟವಾಗಿ ಏನನ್ನೂ ಹೇಳಲಿಲ್ಲ, ಗಡ್ಡೆಯ ಸುತ್ತಲಿನ, ಕ್ಯಾನ್ಸರ್ ಇಲ್ಲದ ಯಕೃತ್ತಿನ ಜೀನ್‌ಗಳು ಹೇಳಿದವು.

ಈ ಅಧ್ಯಯನ ಸಾಧ್ಯವಾದ ಬಗೆಯೂ ಗಮನಾರ್ಹ. ಅದುವರೆಗೆ ಇಂಥ ಅಳತೆಗಳಿಗೆ ಶಸ್ತ್ರಚಿಕಿತ್ಸೆಯಾದೊಡನೆ ಶೈತ್ಯೀಕರಿಸಿಟ್ಟ ಅಂಗಾಂಶವೇ ಬೇಕಾಗುತ್ತಿತ್ತು, ಏಕೆಂದರೆ ಫಾರ್ಮಲಿನ್‌ನಲ್ಲಿ ಅದ್ದಿ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿದ ಅಂಗಾಂಶದಲ್ಲಿ, ಜೀನ್‌ಗಳ ಸಕ್ರಿಯತೆಯನ್ನು ತೋರಿಸುವ ಆರ್‌ಎನ್‌ಎ ಚೂರುಚೂರಾಗಿರುತ್ತದೆ. ಪೆಥಾಲಜಿ ವಿಭಾಗಗಳ ಕಪಾಟುಗಳಲ್ಲಿ ವರ್ಷಗಟ್ಟಲೆ ಕೂಡಿಬಂದಿರುವುದು ಈ ಮೇಣದ ಬ್ಲಾಕ್‌ಗಳೇ, ಮತ್ತು ಆ ರೋಗಿಗಳಿಗೆ ಮುಂದೆ ಏನಾಯಿತೆಂಬ ದಾಖಲೆ ಇರುವುದೂ ಅವುಗಳ ಜೊತೆಗೇ. ಚಿಕ್ಕ ಚೂರುಗಳನ್ನೂ ಗುರುತಿಸಬಲ್ಲ ವಿಧಾನದಿಂದ ಸುಮಾರು 6,100 ಜೀನ್‌ಗಳನ್ನು ಅಳೆದ ಈ ತಂಡ, 24 ವರ್ಷ ಹಳೆಯ ಬ್ಲಾಕ್‌ಗಳೂ ಸೇರಿದಂತೆ ಶೇಕಡ 90ರಷ್ಟು ಮಾದರಿಗಳಲ್ಲಿ ಯಶಸ್ಸು ಪಡೆಯಿತು. ಜಪಾನಿನ 82 ರೋಗಿಗಳ ಮಾದರಿಗಳಲ್ಲಿ ಕಂಡುಕೊಂಡ 186 ಜೀನ್‌ಗಳ ಗುರುತನ್ನು, ಅಂದರೆ ಅವುಗಳ ಸಕ್ರಿಯತೆಯ ವಿನ್ಯಾಸವನ್ನು, ಅಮೆರಿಕ ಮತ್ತು ಯೂರೋಪಿನ 225 ರೋಗಿಗಳಲ್ಲಿ ಪರೀಕ್ಷಿಸಿದಾಗ ಅದು ಅಲ್ಲಿಯೂ ನಿಂತಿತು. ಬೇರೊಂದು ಖಂಡದ ರೋಗಿಗಳ ಎದುರು ನಿಲ್ಲದ ಜೀನ್ ಪಟ್ಟಿಗಳು ಬೇಕಾದಷ್ಟಿರುವುದರಿಂದ, ನನ್ನ ಮಟ್ಟಿಗೆ ಈ ಪ್ರಬಂಧದ ತೂಕ ಇರುವುದು ಇಲ್ಲಿಯೇ.

ಕಾರಣವನ್ನು ಯೋಚಿಸಿದರೆ ಫಲಿತಾಂಶ ಅಷ್ಟೇನೂ ಅಸಹಜವಲ್ಲ. ಯಕೃತ್ತಿನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೆಪಟೈಟಿಸ್ ಬಿ ಅಥವಾ ಸಿ, ಮದ್ಯ, ಕೊಬ್ಬಿನ ಶೇಖರಣೆ ಇವುಗಳಿಂದ ಮೊದಲೇ ಘಾಸಿಗೊಂಡು ಸಿರೋಸಿಸ್‌ಗೆ (ಕಲೆಗಟ್ಟಿ ಗಡುಸಾಗುವ ಸ್ಥಿತಿಗೆ) ತಿರುಗಿದ ಯಕೃತ್ತಿನಲ್ಲಿ. ಶಸ್ತ್ರಚಿಕಿತ್ಸೆಯ ಬಳಿಕ ಎರಡು ವರ್ಷದೊಳಗೆ ಮರುಕಳಿಸುವ ಕ್ಯಾನ್ಸರ್ ಸಾಮಾನ್ಯವಾಗಿ ಹಳೆಯ ಗಡ್ಡೆಯಿಂದ ಚದುರಿದ ಜೀವಕೋಶಗಳದ್ದು; ಆಮೇಲೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಹೊಸದಾಗಿಯೇ ಹುಟ್ಟಿದ್ದು. ಕಳೆ ಕಿತ್ತರೂ ಹೊಲ ಅದೇ ತಾನೆ. ಆರಂಭಿಕ ಹಂತದಲ್ಲೇ ಗಡ್ಡೆ ಸಿಕ್ಕ ರೋಗಿಗಳಲ್ಲಿ ಈ ಎರಡನೆಯ ಬಗೆಯೇ ಮುಖ್ಯವಾಗುವುದರಿಂದ, ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳು ಉಳಿದ ಯಕೃತ್ತಿನಲ್ಲಿ ಹೆಚ್ಚು ಸಕ್ರಿಯವಾಗಿದ್ದವರ ಸ್ಥಿತಿ ಮುಂದೆ ಕೆಟ್ಟಿತೆನ್ನುವುದು ಅರ್ಥವಾಗುತ್ತದೆ.

ಗಡ್ಡೆಯ ಜೀನ್‌ಗಳು ನಿಷ್ಪ್ರಯೋಜಕವೆಂದು ಇದರಿಂದ ತೀರ್ಮಾನಿಸಬಾರದು. ಫ್ರಾನ್ಸಿನ ಸಂಶೋಧಕರು 2013ರಲ್ಲಿ ಮುಂದಿಟ್ಟ, ಬದುಕುಳಿಯುವಿಕೆಯನ್ನು ಅಂದಾಜಿಸುವ ಐದು ಜೀನ್‌ಗಳ ಅಂಕ ಗಡ್ಡೆಯಿಂದಲೇ ಬಂದದ್ದು. ಆದರೂ ಇವು ಯಾವುವೂ ದಿನನಿತ್ಯದ ಚಿಕಿತ್ಸೆಯನ್ನು ಪ್ರವೇಶಿಸಿಲ್ಲ. ಸಿರೋಸಿಸ್ ಇರುವವರಲ್ಲಿ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದಿಂದಲೇ, ಬಯಾಪ್ಸಿ (ಅಂಗಾಂಶದ ತುಣುಕು ತೆಗೆದು ಪರೀಕ್ಷಿಸುವುದು) ಇಲ್ಲದೆ, ರೋಗವನ್ನು ನಿರ್ಣಯಿಸುವ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದೂ ಒಂದಾದ್ದರಿಂದ, ಅಳೆಯಲು ಅಂಗಾಂಶವೇ ಕೈಗೆ ಸಿಗದಿರುವುದು ಇದಕ್ಕೊಂದು ದೊಡ್ಡ ಕಾರಣ. ಬಳಕೆಗೆ ಬಂದದ್ದು ಮುಖ್ಯವಾಗಿ ರಕ್ತದಲ್ಲಿ ಅಳೆಯಬಹುದಾದ ಆಲ್ಫಾ ಫೀಟೊಪ್ರೋಟೀನ್. ಜನನದ ನಂತರ ಮೌನವಾಗಬೇಕಾದ ಜೀನೊಂದು ಗಡ್ಡೆಯಲ್ಲಿ ಮತ್ತೆ ಚಾಲೂ ಆಗುವುದರಿಂದ ಹೆಚ್ಚುವ ಈ ಪ್ರೋಟೀನ್ ಕೂಡ ಒಂದರ್ಥದಲ್ಲಿ ಜೀನ್ ಅಭಿವ್ಯಕ್ತಿಯ ಗುರುತೇ. ಯಕೃತ್ತಿನ ಕ್ಯಾನ್ಸರ್‌ಗೆ ರಾಮುಸಿರುಮ್ಯಾಬ್ ಎಂಬ ಔಷಧಿಯನ್ನು ಈ ಪ್ರೋಟೀನ್‌ನ ಮಟ್ಟ ಮಿಲಿಲೀಟರಿಗೆ 400 ನ್ಯಾನೋಗ್ರಾಂ ಅಥವಾ ಹೆಚ್ಚಿರುವವರಿಗೆ ಮಾತ್ರ ಕೊಡುತ್ತಾರೆ. ಅಂಥವರಲ್ಲೇ ನಡೆದ ಪ್ರಯೋಗದಲ್ಲಿ ಬದುಕುಳಿದ ಅವಧಿಯ ಮಧ್ಯಾಂಕ 7.3 ತಿಂಗಳಿಂದ 8.5 ತಿಂಗಳಿಗೆ ಏರಿತು. ಲಾಭ ಚಿಕ್ಕದೇ.

ಹೊಶಿಡಾ ಅವರ 186 ಜೀನ್‌ಗಳಿಗೆ ಹೆಚ್ಚು ಸೂಕ್ತವಾದ ಜಾಗ ಗಡ್ಡೆ ಹುಟ್ಟುವ ಮೊದಲಿನ ಹಂತವೆಂದು ನನಗನ್ನಿಸುತ್ತದೆ. ಹೆಪಟೈಟಿಸ್ ಸಿ ಯಿಂದ ಸಿರೋಸಿಸ್‌ನ ಆರಂಭದಲ್ಲಿದ್ದ 216 ಮಂದಿಯಲ್ಲಿ, ಮುಂದೆ ಕ್ಯಾನ್ಸರ್ ಯಾರಿಗೆ ಬರುವ ಸಂಭವ ಹೆಚ್ಚೆಂಬುದನ್ನು ಅದೇ ಗುರುತು ಸೂಚಿಸಿತೆಂದು 2013ರಲ್ಲಿ ವರದಿಯಾಯಿತು. ಬಯಾಪ್ಸಿಯ ಅಗತ್ಯವನ್ನು ತಪ್ಪಿಸಲು ಅದೇ ತಂಡ ಈ ಗುರುತನ್ನು ರಕ್ತದ ಕೆಲವು ಪ್ರೋಟೀನ್‌ಗಳಿಗೆ ಹೊಂದಿಸುವ ಪ್ರಯತ್ನವನ್ನೂ ಮಾಡಿದೆ. ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಬೇಕೆಂಬ ಈಗಿನ ನಿಯಮವನ್ನು ಪಾಲಿಸುವುದು ಆಸ್ಪತ್ರೆಗಳಿಗೂ ರೋಗಿಗಳಿಗೂ ಕಷ್ಟವಾಗಿರುವಾಗ, ಯಾರನ್ನು ತಪ್ಪದೆ ಕರೆಸಬೇಕೆಂದು ಇಂಥ ರಕ್ತಪರೀಕ್ಷೆ ತಿಳಿಸಬಲ್ಲದಾದರೆ ಅದರ ಉಪಯೋಗ ಮೊದಲು ಅಲ್ಲಿಯೇ ಆಗಬೇಕು.