ಜರ್ಕ್, ಜೋಲ್ಟ್, ಫ್ಲಿಂಚ್ ಎಲ್ಲಾ ಒಂದೇ ಅಲ್ವಾ ಸರ್?

ಒಂದೇ ಅಲ್ಲ.

ಕಲಬುರಗಿಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರಿಗೆ 14 ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಈ ಪ್ರಶ್ನೆ ಕ್ಲಾಸಲ್ಲಿ ಬರುತ್ತದೆ, ಚಹಾ ಅಂಗಡಿಯಲ್ಲಿ ಬರುತ್ತದೆ, ರಾತ್ರಿ 11ಕ್ಕೆ ಫೋನಿನಲ್ಲೂ ಬರುತ್ತದೆ. ಕೇಳಿದ್ದಕ್ಕೆ ಬೇಜಾರಿಲ್ಲ. ಕೇಳುವ ರೀತಿಗೆ ಬೇಜಾರು. "ಸರ್, ಎಲ್ಲಾ ಒಂದೇ ಅವಲ್ರಿ? ಒಂದ್ ಕನ್ನಡ ಅರ್ಥ ಹೇಳ್ರಿ, ಬರ್ಕೊಂತೀನಿ." ಪೆನ್ನಿನ ಮುಚ್ಚಳ ಆಗಲೇ ತೆಗೆದಿರುತ್ತಾರೆ. ಪುಟದ ಎಡಗಡೆ ಏಳೆಂಟು ಪದ, ಬಲಗಡೆ ಎಲ್ಲಕ್ಕೂ ಸೇರಿ ಒಂದು ಬ್ರಾಕೆಟ್, ಅದರ ಮುಂದೆ 'ತಟ್ಟನೆ ಅಲುಗಾಡು' ಅಂತ ಬರೆಯೋಕೆ ಜಾಗ. ಆ ಬ್ರಾಕೆಟ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದೇ ಆಗಿದ್ದರೆ ಇಂಗ್ಲಿಷಿನವರಿಗಾದರೂ ಇಷ್ಟು ಪದ ಯಾಕೆ ಬೇಕಿತ್ತು?

ಆಳಂದದ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೀರಿ ಅಲ್ವಾ? ಡ್ರೈವರ್ ಕ್ಲಚ್ ಬಿಟ್ಟ ಕೂಡಲೇ ಕಂಬಿ ಹಿಡಿದ ಕೈಯನ್ನು ಯಾರೋ ಜಗ್ಗಿದ ಹಾಗೆ ಆಗುತ್ತದಲ್ಲ, ಅದು ಜರ್ಕ್. ಫಿಸಿಕ್ಸ್ ಓದಿದವರಿಗೆ ಇನ್ನೊಂದು ಮಾತು: ವೇಗ ಬದಲಾಗುವ ದರ ಆಕ್ಸಿಲರೇಶನ್, ಆಕ್ಸಿಲರೇಶನ್ನೇ ಬದಲಾಗುವ ದರಕ್ಕೆ ಅಲ್ಲಿ ಜರ್ಕ್ ಅಂತಲೇ ಹೆಸರು. ಮುಂದೆ ಗಾಲಿ ಗುಂಡಿಗೆ ಬೀಳುತ್ತದೆ. ಸೊಂಟದಿಂದ ಹಲ್ಲಿನವರೆಗೆ ಒಂದು ಪೆಟ್ಟು ಏರುತ್ತದೆ. ಅದು ಜೋಲ್ಟ್, ನಮ್ಮೂರ ಝಟಕಾ. ಕರೆಂಟ್ ಹೊಡೆದರೂ ನಾವು ಝಟಕಾ ಅಂತೀವಿ, ಅವರೂ ಜೋಲ್ಟ್ ಅಂತಾರೆ. ಆಮೇಲೆ ತಿರುವಿನಲ್ಲಿ ತುಂಬಿದ ಬಸ್ಸು ಒಂದು ಕಡೆ ವಾಲಿ, ಇನ್ನೇನು ಬಿತ್ತು ಅನ್ನಿಸುತ್ತದೆ. ಅದು ಲರ್ಚ್. ಕುಡಿದವನ ನಡಿಗೆಗೂ ಇದೇ ಪದ. ಜೋಲ್ಟ್ ಹೊರಗಿನಿಂದ ಬಂದು ಬಡಿಯುತ್ತದೆ. ಲರ್ಚ್‌ನಲ್ಲಿ ತೋಲ ತಪ್ಪುತ್ತದೆ. ಒಂದೇ ಬಸ್ಸು, ಒಂದೇ ಟಿಕೆಟ್, ಮೂರು ಪದ.

ಕಬಡ್ಡಿ ನೋಡುವವರಿಗೆ ಲಂಜ್, ಪೌನ್ಸ್ ಕಷ್ಟವೇ ಇಲ್ಲ. ರೈಡ್ ಮಾಡುವವನು ಹಿಂದಿನ ಕಾಲನ್ನು ನೆಲಕ್ಕೆ ಊರಿ, ಮೈ ಉದ್ದ ಮಾಡಿ ಮುಟ್ಟಲು ಹೋಗುವುದು ಲಂಜ್. ಕತ್ತಿವರಸೆಯಿಂದ ಬಂದ ಪದ ಅದು. ಅದರ ಫ್ರೆಂಚ್ ಬೇರಿನಲ್ಲೇ ಉದ್ದ ಮಾಡು ಅನ್ನುವ ಅರ್ಥ ಇದೆ. ಅವನ ಮೇಲೆ ಹಿಡಿಯುವವರು ಎರಗುತ್ತಾರಲ್ಲ, ಅದು ಪೌನ್ಸ್. ಹಿಂದೆ ಗಿಡುಗದ ಉಗುರಿಗೇ ಪೌನ್ಸ್ ಅಂತಿದ್ದರು. ಇನ್ನು ಬೋಲ್ಟ್ ಅಂದರೆ ಎತ್ತು ಬೆದರಿ ಹಗ್ಗ ಹರಕೊಂಡು ಓಡಿತು ಅಂತೀವಲ್ಲ, ಅದೇ.

ಇಷ್ಟರವರೆಗೆ ಹುಡುಗರು ಒಪ್ಪುತ್ತಾರೆ. ಸ್ಟಾರ್ಟಲ್ ಮತ್ತು ಫ್ಲಿಂಚ್‌ಗೆ ಬಂದಾಗ ಮತ್ತೆ ಬ್ರಾಕೆಟ್ ಹಾಕುತ್ತಾರೆ. "ಎರಡಕ್ಕೂ ಬೆಚ್ಚು ಅಂತ ಬರೀಲಾ ಸರ್?" ಬರೀಬೇಡಿ.

1993ರ ಸೆಪ್ಟೆಂಬರ್ 30. ನಾನಾಗ ನಾಲ್ಕನೇ ಕ್ಲಾಸು, ಆಳಂದ ತಾಲೂಕಿನ ಒಂದು ಹಳ್ಳಿ. ಹಿಂದಿನ ದಿನ ಗಣಪತಿ ಕಳಿಸಿ ಎಲ್ಲರೂ ಸುಸ್ತಾಗಿ ಮಲಗಿದ್ದರು. ನಸುಕಿನ 4 ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೊದಲು ಹಲಗೆಯ ಮೇಲಿನ ಹಿತ್ತಾಳೆ ಕೊಡಗಳು ಒಂದಕ್ಕೊಂದು ಬಡಿದ ಸದ್ದು ಬಂತು. ಆಮೇಲೆ ಮೈ ಕೆಳಗಿನ ನೆಲ ಅಲುಗಿತು. ಒಂದು ಕೊಡ ಉರುಳಿ ಅವ್ವನ ತಲೆ ಪಕ್ಕ ಬಿತ್ತು. ಅವ್ವ ಎದ್ದು ಕೂತಳು. ಏನಾಯಿತು ಅಂತ ಅವಳಿಗೆ ಗೊತ್ತಿಲ್ಲ. ಕಳ್ಳರೋ, ಬೆಕ್ಕೋ, ಗೋಡೆ ಬಿತ್ತೋ ಏನೂ ತಿಳಿಯದು. ಅದು ಸ್ಟಾರ್ಟಲ್. ಅದಕ್ಕೆ ಬೆಚ್ಚಿಬೀಳು ಅಂತ ಧಾರಾಳವಾಗಿ ಬರೆಯಿರಿ.

ನಮ್ಮೂರಲ್ಲಿ ಯಾರಿಗೂ ಏನೂ ಆಗಲಿಲ್ಲ. ಗಡಿಯಾಚೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಊರುಗಳಲ್ಲಿ ಆ ಭೂಕಂಪಕ್ಕೆ ಸುಮಾರು 10 ಸಾವಿರ ಜನ ಸತ್ತರು ಅಂತ ಆಮೇಲೆ ಗೊತ್ತಾಯಿತು. ಮಲಗಿದ್ದವರ ಮೇಲೆ ಕಲ್ಲು ಮಣ್ಣಿನ ಮನೆಗಳು ಕುಸಿದಿದ್ದವು. ನಮ್ಮ ಮನೆಯೂ ಕಲ್ಲು ಮಣ್ಣಿನದೇ. ಎಷ್ಟೋ ದಿನ ಅಂಗಳದಲ್ಲೇ ಮಲಗಿದೆವು.

ದೀಪಾವಳಿ ಮುಗಿದ ಮೇಲೆ ಒಂದು ಸಂಜೆ. ಅವ್ವ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ಕಬ್ಬಿನ ಲಾರಿ ಮನೆ ಮುಂದೆ ಹಾದುಹೋಯಿತು. ಹಲಗೆಯ ಮೇಲಿನ ಕೊಡಗಳು ಸ್ವಲ್ಪವೇ ಟಿಣ್ ಅಂದವು. ಅವ್ವನ ಭುಜ ಮೇಲೆ ಬಂತು, ಕುತ್ತಿಗೆ ಒಳಗೆ ಹೋಯಿತು. ಒಂದು ಕೈ ನನ್ನ ತಲೆ ಮೇಲೆ ಬಂತು. ಇನ್ನೊಂದು ಕೈ ರೊಟ್ಟಿಯ ಮೇಲೇ ಒತ್ತಿ ನಿಂತಿತು. ಲಾರಿ ಹೋಯಿತು. ಅವಳು ಮಾತಾಡಲಿಲ್ಲ. ಕೈ ಎತ್ತಿದಾಗ ರೊಟ್ಟಿಯಲ್ಲಿ ಐದು ಬೆರಳಿನ ಗುಳಿ ಬಿದ್ದಿತ್ತು. ಅದರ ಮೇಲೆ ಹಿಟ್ಟು ಉದುರಿಸಿ ಮತ್ತೆ ಬಡಿದಳು.

ಅದು ಫ್ಲಿಂಚ್. ಬೆಚ್ಚೋಕೆ ಏನೂ ಗೊತ್ತಿರಬೇಕಾಗಿಲ್ಲ. ಫ್ಲಿಂಚ್‌ನಲ್ಲಿ ಪೆಟ್ಟು ಬರುತ್ತದೆ ಅಂತ ಮೈಗೆ ಮೊದಲೇ ಗೊತ್ತು. ಕೆಲವು ವರ್ಷದ ಹಿಂದೆ ನಾನು ಬೋರ್ಡ್ ಒರೆಸಲು ಡಸ್ಟರ್ ಎತ್ತಿದಾಗ ಮುಂದಿನ ಬೆಂಚಿನ ಹುಡುಗನೊಬ್ಬ ಮುಖ ಮುಚ್ಚಿಕೊಂಡು ಹಿಂದೆ ಸರಿದ. ನಾನು ಅವನ ಕಡೆ ನೋಡಿಯೇ ಇರಲಿಲ್ಲ. ಅವನು ಬೆಚ್ಚಿದ ಅಂತ ಬರೆದರೆ ಅವನಿಗೆ ಏನಾಗಿರಬಹುದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕೇ ನಾನು ಇಷ್ಟು ಹಟ ಮಾಡುವುದು. ಪರೀಕ್ಷೆಯ ಒಂದು ಮಾರ್ಕಿಗಾಗಿ ಅಲ್ಲ.

ನನ್ನನ್ನು ಯಾರೂ ಉಲ್ಟಾ ಕೇಳುವುದಿಲ್ಲ. ಎದಿ ಧಸಕ್ ಅಂತು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಸರ್, ಅಂತ ಒಬ್ಬರಾದರೂ ಕೇಳಬಾರದಾ? ಕೇಳಿದರೆ ಒಂದು ಗಂಟೆ ಮಾತಾಡುತ್ತೇನೆ. ಇಂಗ್ಲಿಷಿನವರು ಚಲನೆಯ ರೀತಿಯನ್ನು ಕ್ರಿಯಾಪದದ ಒಳಗೇ ತುಂಬುತ್ತಾರೆ. ನಾವು ಜಾಸ್ತಿ ಸಲ ಕ್ರಿಯಾಪದವನ್ನು ಸಾದಾ ಬಿಟ್ಟು, ಅದರ ಮುಂದೆ ಒಂದು ಸದ್ದು ಇಡುತ್ತೇವೆ. ಹಾವು ಸರಕ್ಕನೆ ಹೋಯಿತು. ಮೇಕೆ ಛಂಗನೆ ಹಾರಿತು. ಬಸ್ಸು ಗಕ್ಕನೆ ನಿಂತಿತು. ಹೋಗು, ಹಾರು, ನಿಲ್ಲು ಎಲ್ಲಾ ಚಿಕ್ಕ ಮಕ್ಕಳಿಗೂ ಗೊತ್ತಿರುವ ಪದ. ಕೆಲಸ ಮಾಡುವುದು ಆ ಸದ್ದು. ಈ ಸಂಪತ್ತು ಬಾಯಲ್ಲೇ ಇಟ್ಟುಕೊಂಡು ಹುಡುಗರು ನನ್ನ ಹತ್ತಿರ 'ತಟ್ಟನೆ' ಒಂದನ್ನೇ ಬರೆದುಕೊಂಡು ಹೋಗುತ್ತಾರೆ.

ಧಸಕ್‌ಗೆ ನನಗೆ ಸಿಕ್ಕ ಹತ್ತಿರದ ಪದ ಲರ್ಚ್. ಹೌದು, ಬಸ್ಸಿನದ್ದೇ. ಭಯಕ್ಕೆ ಎದೆ ಲರ್ಚ್ ಆಯಿತು ಅಂತ ಅವರೂ ಬರೆಯುತ್ತಾರೆ. ಒಳಗೆ ತೋಲ ತಪ್ಪುವುದು ಅದರಲ್ಲಿ ಇದೆ, ಕೆಳಗೆ ಕುಸಿದ ಹಾಗಾಗುವುದು ಅಷ್ಟು ಇಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಅವ್ವನಿಗೆ ಆ ರೊಟ್ಟಿ ನೆನಪಿದೆಯಾ ಅಂತ ಕೇಳಿದೆ. ರೊಟ್ಟಿ ನೆನಪಿಲ್ಲ, ಲಾರಿ ನೆನಪಿದೆ. ಆಗ ಏನಾಗಿತ್ತು ಅಂದೆ.

"ಎದ್ಯಾಗ ಕೊಡ ಬಿದ್ದಂಗ ಆಗಿತ್ತು," ಅಂದಳು.

ಅದನ್ನು ಬರೆದುಕೊಂಡು ಬಂದಿದ್ದೇನೆ.