ಉಸಿರು ಹಿಡೀಬೇಡಿ ಮೇಡಂ

16 ನವೆಂಬರ್ 2025, ಭಾನುವಾರ
ಬೆಂಗಳೂರು

ಕಿವಿಯಲ್ಲಿ ಇನ್ನೂ ನೀರು ಗುಳುಗುಳು ಅಂತಿದೆ. ತಲೆ ಓರೆ ಮಾಡಿ ಒಂಟಿಕಾಲಲ್ಲಿ ಕುಣಿದರೂ ಹೋಗಿಲ್ಲ. ಇವತ್ತು ಬೆಳಿಗ್ಗೆ ಮೊದಲ ಸಲ ಸ್ಕೂಬಾ ಡೈವಿಂಗ್ ಮಾಡಿದೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಉಸಿರಾಡುತ್ತಾ ಮುಳುಗುವುದು. ಸಮುದ್ರದಲ್ಲಲ್ಲ, ಬೆಂಗಳೂರಿನ ಒಂದು ಈಜುಕೊಳದಲ್ಲಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಲ್ಲಿ ಸಮುದ್ರಕ್ಕೆ ಇಳಿಯುವ ಪಾಠ! ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, "ದುಡ್ಡು ಕೊಟ್ಟು ಮುಳುಗೋದಾ?" ಅಂದಳು.

ಇದೆಲ್ಲ ಅಕ್ಕನ ಮಗನ ಕಿತಾಪತಿ. ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡುವುದು ಅವನ ಪ್ಲಾನು. "ಚಿಕ್ಕಿ, ನಿಂಗೆ ಈಜು ಬರುತ್ತಲ್ಲ, ಸುಮ್ನೆ ಬಾ" ಅಂದ. ಈಜು ಬರುವುದೇ ನನಗೆ ಅಡ್ಡ ಬರುತ್ತೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ನಾನು ಈಜು ಕಲಿತದ್ದು ತಿಪಟೂರಿನ ಹತ್ತಿರ, ಅಜ್ಜಿ ಮನೆ ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಮಾವ ಮೆಟ್ಟಿಲ ಮೇಲಿಂದ ತಳ್ಳುತ್ತಿದ್ದರು. ಬುರುಡೆ ಬಿಚ್ಚಿದ ಮೇಲೆ ನಮಗೆ ಒಂದೇ ಆಟ, ಮುಳುಗಿ ತಳ ಮುಟ್ಟಿ ಬರುವುದು. ಮುಟ್ಟಿದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಮುಷ್ಟಿಯಲ್ಲಿ ಕೆಸರು ತಂದು ತೋರಿಸಬೇಕಿತ್ತು. ಅದಕ್ಕೆ ಬೇಕಿದ್ದ ವಿದ್ಯೆ ಉಸಿರು ಬಿಗಿ ಹಿಡಿಯುವುದು, ಅಷ್ಟೇ. ಆ ಬಾವಿಯಲ್ಲಿ ಈಗ ನೀರಿಲ್ಲ. ಪಕ್ಕದಲ್ಲಿ ಮೂರು ಬೋರ್‌ವೆಲ್ ಇವೆ.

ಇಲ್ಲಿ ಮೊದಲ ಪಾಠವೇ ಉಲ್ಟಾ. "ಏನೇ ಆದ್ರೂ ಉಸಿರು ಹಿಡೀಬೇಡಿ ಮೇಡಂ" ಅಂದ ಕಲಿಸುವ ಹುಡುಗ. ನೀರಲ್ಲಿ 10 ಮೀಟರ್ ಕೆಳಗೆ ಒತ್ತಡ ಮೇಲಿನದ್ದರ ಎರಡು ಪಟ್ಟು. ಅಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗಿ ಎರಡರಷ್ಟಾಗುತ್ತದೆ. ಬಾಯಿ ಬಿಗಿದುಕೊಂಡು ಬಂದರೆ ಶ್ವಾಸಕೋಶವೇ ಹರಿಯಬಹುದು. ಹಾಗಾದರೆ ಬಾವಿಯಲ್ಲಿ ನಮಗೆ ಯಾಕೆ ಏನೂ ಆಗಲಿಲ್ಲ? ಅಲ್ಲಿ ಗಾಳಿ ಮೇಲಿಂದಲೇ ತೆಗೆದುಕೊಂಡು ಹೋಗಿದ್ದು. ಕೆಳಗೆ ಕುಗ್ಗಿ, ವಾಪಸ್ ಬಂದಾಗ ಮೊದಲಿನಷ್ಟೇ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ನನಗೆ 41 ವರ್ಷ ಬೇಕಾಯಿತು.

ನಾನು "ಆಕ್ಸಿಜನ್ ಸಿಲಿಂಡರ್" ಅಂದಿದ್ದೂ ತಪ್ಪಂತೆ. ಒಳಗಿರುವುದು ನಾವು ದಿನಾ ಉಸಿರಾಡುವ ಮಾಮೂಲಿ ಗಾಳಿ. 11 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುರುಕಿ ಸುಮಾರು 2,200 ಲೀಟರ್ ತುಂಬಿರುತ್ತಾರೆ. ಕಾರಿನ ಟೈರಿಗೆ ಎರಡು ಬಾರ್ ಚಿಲ್ಲರೆ ಸಾಕು. ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ನಾವು ಎಳೆದಾಗ ಮಾತ್ರ ಗಾಳಿ ಬಿಡುತ್ತದೆ. 1943ರಲ್ಲಿ ಫ್ರಾನ್ಸಿನಲ್ಲಿ ಕುಸ್ಟೋ ಎಂಬ ನೌಕಾಪಡೆ ಅಧಿಕಾರಿ ಮತ್ತು ಗಾನ್ಯಾನ್ ಎಂಬ ಎಂಜಿನಿಯರ್ ಸೇರಿ ಮಾಡಿದ್ದು. ಯುದ್ಧದ ದಿನಗಳಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಿನಲ್ಲಿ ಓಡಿಸುತ್ತಿದ್ದ ಕಾರುಗಳಿಗೆ ಗಾನ್ಯಾನ್ ಮಾಡಿದ್ದ ವಾಲ್ವೇ ಇದಕ್ಕೆ ಮೂಲ. ಮೋಟಾರು ಸಾಮಾನು ಬಾಯಲ್ಲಿ ಕಚ್ಚಿಕೊಂಡಿದ್ದೆ, ಅಲ್ವಾ!

ಮಾಸ್ಕಿನ ಗಾಜಿಗೆ ಮಂಜು ಕಟ್ಟಬಾರದು ಅಂದರೆ ಒಳಗೆ ಉಗುಳಿ ಉಜ್ಜಬೇಕು. ಎಲ್ಲರೆದುರಿಗೆ ಹೇಗಪ್ಪಾ ಅಂತ ನಾನು ಹಿಂದೆ ಮುಂದೆ ನೋಡುತ್ತಿದ್ದರೆ, ಅಕ್ಕನ ಮಗ ಥೂ ಅಂತ ಉಗಿದು ಮುಗಿಸಿದ್ದ.

ನಾಲ್ಕಡಿ ನೀರಿನಲ್ಲಿ ಮಂಡಿಯೂರಿ ಕೂತೆವು. ತಲೆ ಒಳಗೆ ಹೋದದ್ದೇ ತಡ, ಉಸಿರು ತಾನಾಗಿ ನಿಂತಿತು. ಬಾಯಲ್ಲಿ ಗಾಳಿಯ ಕೊಳವೆ ಇದೆ, ನಾನು ಮಾತ್ರ ಕೆನ್ನೆ ಊದಿಸಿಕೊಂಡು ಕೂತಿದ್ದೇನೆ. ಎದುರಿಗೆ ಆ ಹುಡುಗ ಅಂಗೈ ಹಿಂದೆ ಮುಂದೆ ಆಡಿಸಿ, ಎಳೆಯಿರಿ, ಬಿಡಿ ಅಂತ ತೋರಿಸುತ್ತಿದ್ದ. ಕೊನೆಗೆ ಎಳೆದೆ. ಕುಲುಮೆಯ ತಿದಿ ಒತ್ತಿದ ಹಾಗೆ ಸದ್ದು, ಆಮೇಲೆ ಕಿವಿ ಪಕ್ಕದಲ್ಲಿ ಗುಳ್ಳೆಗಳ ಗುಳುಗುಳು. ಗಾಳಿ ಒಣಗಿ, ತಣ್ಣಗೆ, ರಬ್ಬರ್ ರುಚಿ ಇತ್ತು. ಐದಾರು ಸಲ ಎಳೆದ ಮೇಲೆ ಭುಜ ಇಳಿಯಿತು.

ಮಾಸ್ಕಿಗೆ ನೀರು ಬಿಟ್ಟುಕೊಂಡು, ಮೂಗಿನಿಂದ ಊದಿ ಹೊರಗೆ ಹಾಕುವ ಅಭ್ಯಾಸದಲ್ಲಿ ಎರಡು ಸಲ ಸೋತೆ. ಊದುವ ಬದಲು ಎಳೆದೆ. ಕ್ಲೋರಿನ್ ನೆತ್ತಿಗೇರಿ ಕೆಮ್ಮುತ್ತಾ ಎದ್ದು ನಿಂತೆ. ಪಕ್ಕದ ಲೇನಿನಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಮೂರನೇ ಸಲ ಆಯಿತು. ಆ ಹುಡುಗಿ ನೋಡುತ್ತಿದ್ದದ್ದಕ್ಕೇ ಆಯಿತು ಅನಿಸುತ್ತೆ.

ಆಮೇಲೆ 12 ಅಡಿ ಆಳದ ಕಡೆಗೆ. ಇಳಿಯುತ್ತಾ ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ಬಲಗಿವಿ ಬೇಗ, ಎಡಗಿವಿ ಸತಾಯಿಸಿತು. ತಳದಲ್ಲಿ ನೀಲಿ ಟೈಲು. ಎರಡು ಟೈಲಿನ ಸಂದಿಯಲ್ಲಿ ಒಂದು ಕೆಂಪು ತಲೆಕ್ಲಿಪ್ಪು ಬಿದ್ದಿತ್ತು. ಮಾಸ್ಕಿನೊಳಗಿಂದ ನೋಡಿದರೆ ಎಲ್ಲವೂ ಹತ್ತಿರ, ದೊಡ್ಡದು. ಎತ್ತಿಕೊಳ್ಳಲು ಹೋದರೆ ಬೆರಳು ಮೊದಲು ಬರೀ ನೀರಿಗೆ ಹೋಯಿತು.

ಮೇಲೆ ಬರುವಾಗ ಗುಳ್ಳೆ ಬಿಡುತ್ತಲೇ ಬಂದೆ, ನಿಧಾನಕ್ಕೆ. ಕಟ್ಟೆಯ ಮೇಲೆ ಕ್ಲಿಪ್ಪು ಇಟ್ಟೆ.

"ಇದ್ಯಾಕೆ ತಂದ್ರಿ ಮೇಡಂ?"

"ಸಾಕ್ಷಿಗೆ" ಅಂದೆ. ಅವನು ಅಕ್ಕನ ಮಗನ ಮುಖ ನೋಡಿದ. ಅವನಿಗೂ ಗೊತ್ತಾಗಲಿಲ್ಲ.